ಆರಿಸದೆ ಬಿಟ್ಟ ಕರ್ಪೂರ

ನಮ್ಮ ಕಕ್ಷಿದಾರಳು ಕೋರ್ಟಿನ ಬೇವಿನ ಮರದ ಕೆಳಗೆ ಕೂತು ಎದುರು ಪಾರ್ಟಿಗೆ ಮೊಸರನ್ನ ಬಡಿಸುತ್ತಿದ್ದಳು. ಎದುರು ಪಾರ್ಟಿ ಅಂದರೆ ಆಕೆಯ ಸ್ವಂತ ಅಣ್ಣ. ಸ್ವಲ್ಪ ಹೊತ್ತಿನ ಹಿಂದೆ, ಒಳಗೆ, ಅವನ ವಕೀಲರು ಈಕೆಯನ್ನು ಸುಳ್ಳುಗಾತಿ ಅಂತ ಎಲ್ಲರೆದುರು ಅಂದಿದ್ದರು. ಈಗ ಅವನು ಎಲೆ ಮುಂದೆ ಸರಿಸಿದ. ಈಕೆ ಇನ್ನೊಂದು ಹಿಡಿ ಹಾಕಿ ಉಪ್ಪಿನಕಾಯಿಯನ್ನು ಅಂಚಿಗಿಟ್ಟಳು. ನಾನು ಕೈಯಲ್ಲಿದ್ದ ಕಾಗದದ ಕಟ್ಟನ್ನು ಎದೆಗವಚಿಕೊಂಡು ಒಳಗೆ ಓಡಿದೆ.

"ಸಾರ್, ಅವರು ರಾಜಿಯಾಗಿಬಿಟ್ಟರು!"

ನನ್ನ ಹಿರಿಯ ವಕೀಲರು ಓದುತ್ತಿದ್ದ ಹಾಳೆಯಿಂದ ತಲೆ ಎತ್ತಲಿಲ್ಲ. "ಯಾರು ಹೇಳಿದ್ದು?"

"ಒಟ್ಟಿಗೆ ಕೂತು ಊಟ ಮಾಡ್ತಿದ್ದಾರೆ."

"ಅನ್ನೂರಿಂದ ಒಂದೇ ಬಸ್ಸಲ್ಲಿ ಬಂದರು, ಒಂದೇ ಬುತ್ತಿ ಉಣ್ತಾರೆ, ಅದೇ ಬಸ್ಸಲ್ಲಿ ವಾಪಸ್ ಹೋಗ್ತಾರೆ. ಊಟ ಬೇರೆ, ವ್ಯಾಜ್ಯ ಬೇರೆ ಅಮ್ಮಾ. ನಿಮ್ಮ ಕಾಲೇಜಲ್ಲಿ ಇದೆಲ್ಲ ಹೇಳಿಕೊಡಲಿಲ್ವಾ?" ಅವರು ಆಡಿದ್ದು ತಮಿಳಿನಲ್ಲಿ. ಚುಚ್ಚುಮಾತು ಯಾವ ಭಾಷೆಯಲ್ಲಿದ್ದರೂ ಅಷ್ಟೇ ನೋಯುತ್ತದೆ.

ಇಲ್ಲ, ಹೇಳಿಕೊಟ್ಟಿರಲಿಲ್ಲ. ಮದರಾಸಿನ ಕಾನೂನು ಕಾಲೇಜಿಗೆ ನಾನು ಸೇರಿದ್ದು ಮೂವತ್ತೇಳು ತುಂಬಿದ ಮೇಲೆ. ಅದುವರೆಗೆ ಕೋಯಮತ್ತೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ವರ್ಷವರ್ಷವೂ ಅದೇ ನದಿಗಳಿಗೆ ಅದೇ ನೀಲಿ ಬಣ್ಣ ಹಚ್ಚಿಸಿ ಸಾಕಾಗಿತ್ತು. ಮೊದಲ ದಿನ ತರಗತಿಯ ಬಾಗಿಲಲ್ಲಿ ಕಾಲಿಟ್ಟಾಗ ಹುಡುಗರೆಲ್ಲ ದಡಬಡ ಎದ್ದು ನಿಂತರು. ನಾನೂ ಅಭ್ಯಾಸಬಲದಿಂದ "ಕೂತ್ಕೊಳ್ಳಿ" ಅಂದುಬಿಟ್ಟೆ. ಆಮೇಲೆ ಹೋಗಿ ಅವರ ಪಕ್ಕದ ಬೆಂಚಿನಲ್ಲೇ ಕೂತಾಗ ಅವರ ಮುಖಗಳನ್ನು ನೋಡಬೇಕಿತ್ತು. ಅಂದಿನಿಂದ ಇಡೀ ಕಾಲೇಜಿಗೆ ನಾನು "ಟೀಚರ್". ಹುಡುಗರು ಪರೀಕ್ಷೆಗೆ ಬರುವ ಕಲಮುಗಳಿಗಷ್ಟೇ ಗೆರೆ ಹಾಕಿ ಓದಿದರೆ, ನಾನು ಪಾಠ ಮಾಡಿದವಳ ಚಟದಿಂದ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಿದ್ದೆ. ಸಾಕ್ಷ್ಯದ ಕಾನೂನು ಹೇಳುತ್ತಿದ್ದ ಮೇಷ್ಟ್ರು ಒಂದು ದಿನ ಪ್ರಮಾಣದ ಕಾಯಿದೆಯ ಹಾಳೆಗಳನ್ನು ಮಗುಚಿ, "ಇದು ಪರೀಕ್ಷೆಗೆ ಬರೋದಿಲ್ಲ" ಅಂದರು. ಅದನ್ನೂ ಓದಿದೆ.

ಪದವಿ ಸಿಕ್ಕರೂ ಓದು ಮುಗಿಯಲಿಲ್ಲ. ಒಂದು ವರ್ಷ ಹಿರಿಯ ವಕೀಲರೊಬ್ಬರ ಕೈಕೆಳಗೆ ಅಪ್ರೆಂಟಿಸ್ ಆಗಿದ್ದು, ಅವರಿಂದ ಸರ್ಟಿಫಿಕೇಟು ತಂದು, ಇನ್ನೊಂದು ಪರೀಕ್ಷೆ ಪಾಸು ಮಾಡಿದರೆ ಮಾತ್ರ ಕರಿ ಕೋಟು. ಕೋಯಮತ್ತೂರಿನಲ್ಲಿ ಹೆಂಗಸೊಬ್ಬಳನ್ನು, ಅದೂ ತಲೆಯಲ್ಲಿ ನರೆ ಕಂಡವಳನ್ನು, ಅಪ್ರೆಂಟಿಸ್ ಆಗಿ ಸೇರಿಸಿಕೊಳ್ಳಲು ಒಪ್ಪಿದವರು ಇವರೊಬ್ಬರೇ. ಒಪ್ಪಿದ್ದಕ್ಕೆ ದಿನಾ ಒಂದು ಸಲ ಪಶ್ಚಾತ್ತಾಪ ಪಡುತ್ತಿದ್ದರು, ನನಗೆ ಕೇಳುವ ಹಾಗೆ.

ಈ ಕೇಸನ್ನು ನನ್ನ ಕೈಗೆ ಹಾಕಿದ್ದಕ್ಕೆ ಕಾರಣ ನನ್ನ ಜಾಣತನವಲ್ಲ, ಭಾಷೆ. ಕಕ್ಷಿದಾರಳದು ತಲೆತಲಾಂತರದಿಂದ ಈ ಕಡೆ ಬೇಸಾಯ ಮಾಡಿಕೊಂಡಿರುವ ಕನ್ನಡದ ಮನೆತನ. ನಮ್ಮದೂ ಕನ್ನಡದ ಮನೆಯೇ, ಆದರೆ ಪಟ್ಟಣದ್ದು. ಆಕೆ ಕೋರ್ಟಿನಲ್ಲಿ ತಮಿಳು ಆಡುತ್ತಿದ್ದಳು. ಗಾಬರಿಯಾದರೆ ಕನ್ನಡಕ್ಕೆ ಬರುತ್ತಿದ್ದಳು. ಅಕ್ಷರ ಎರಡರಲ್ಲೂ ಬಾರದು. ಐವತ್ತು ದಾಟಿದ ವಿಧವೆ, ಗಂಡುಮಕ್ಕಳಿಲ್ಲ, ಇದ್ದೊಬ್ಬ ಮಗಳನ್ನು ದೂರದ ಊರಿಗೆ ಕೊಟ್ಟಿದ್ದಳು.

ಆಕೆಯ ಮದುವೆಯಲ್ಲಿ ತಂದೆ ಒಂದು ತುಂಡು ಹೊಲವನ್ನು ಅರಿಶಿನಕ್ಕೆ ಅಂತ ಕೊಟ್ಟಿದ್ದರು. ಹೆಣ್ಣಿಗೆ ಹೀಗೆ ಕೊಡುವ ಹೊಲಕ್ಕೆ ಆ ಕಡೆ ಮಂಜಕ್ಕಾಣಿ ಅನ್ನುತ್ತಾರೆ. ಕೊಟ್ಟದ್ದು ಬಾಯಿಮಾತಿನಲ್ಲಿ, ನೆಂಟರ ಎದುರು. ಪತ್ರವಿಲ್ಲ, ರಿಜಿಸ್ಟರ್ ಇಲ್ಲ. ಹೊಲ ತವರಿನ ಬಾವಿಯ ಪಕ್ಕದಲ್ಲೇ ಇದ್ದದ್ದರಿಂದ ಅಣ್ಣನೇ ಉತ್ತು ಬಿತ್ತುತ್ತಿದ್ದ, ಪ್ರತಿವರ್ಷ ಪೊಂಗಲ್ ಕಳೆದ ಮೇಲೆ ಗಾಡಿಯಲ್ಲಿ ಜೋಳದ ಮೂಟೆಗಳು ಈಕೆಯ ಮನೆಗೆ ಬರುತ್ತಿದ್ದವು. ಆಮೇಲೆ ಊರಿಗೆ ಕರೆಂಟು ಬಂತು. ಅಣ್ಣ ಬಾವಿಗೆ ಮೋಟಾರು ಹಾಕಿಸಿ, ಜೋಳದ ಹೊಲದಲ್ಲಿ ಹತ್ತಿ ಬೆಳೆದ. ಆ ವರ್ಷ ಮೂಟೆ ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ. ಆಕೆ ಬೇರೆಯವರ ಹೊಲದಲ್ಲಿ ಹತ್ತಿ ಬಿಡಿಸುವ ಕೂಲಿಗೆ ಹೋಗತೊಡಗಿದಳು.

ಪತ್ರವಿಲ್ಲದ ದಾನವನ್ನು ಕಾನೂನು ಒಪ್ಪದು. ಆದರೆ ಹನ್ನೆರಡು ವರ್ಷಕ್ಕೂ ಮೀರಿ, ಎಲ್ಲರಿಗೂ ಗೊತ್ತಿರುವಂತೆ, ಇದು ನನ್ನದು ಅಂತ ಫಲ ಅನುಭವಿಸಿದ್ದರೆ ಹಕ್ಕು ಹುಟ್ಟುತ್ತದೆ. ಹಾಗಾಗಿ ಇಡೀ ದಾವೆ ಒಂದೇ ಪ್ರಶ್ನೆಗೆ ಬಂದು ನಿಂತಿತ್ತು: ಆ ಮೂಟೆಗಳು ಏನು? ಹೊಲದ ಫಲ, ನನ್ನ ಪಾಲು ಅಂತ ಆಕೆ. ತಂಗಿ ಮೇಲಿನ ಪ್ರೀತಿಗೆ ಕಳಿಸಿದ್ದು, ಹೊಲ ನನ್ನದೇ ಅಂತ ಅಣ್ಣ. ಮದುವೆಯಲ್ಲಿ ಕೂತಿದ್ದ ಹಿರಿಯರು ತೀರಿಕೊಂಡಿದ್ದರು. ಬದುಕಿದ್ದವರು ಊರ ದೊಡ್ಡಮನುಷ್ಯನ ವಿರುದ್ಧ ಸಾಕ್ಷಿ ಹೇಳಲು ಸಿದ್ಧರಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಅಣ್ಣನ ವಕೀಲರು ಎದ್ದು ನಿಂತು ಮುನ್ಸಿಫರ ಮುಂದೆ ಒಂದು ಅರ್ಜಿ ಇಟ್ಟರು. ವಾದಿ ತನ್ನ ತವರೂರಿನ ಮಾರಮ್ಮನ ಗುಡಿಯಲ್ಲಿ, ಆ ಮೂಟೆಗಳು ತನ್ನ ಹೊಲದ ಫಲವೇ ಹೊರತು ಅಣ್ಣನ ಉಡುಗೊರೆಯಲ್ಲ ಅಂತ ಹೇಳಿ, ಉರಿಯುವ ಕರ್ಪೂರವನ್ನು ಕೈಯಿಂದ ಆರಿಸಿ ಸತ್ಯ ಮಾಡಿದರೆ, ಪ್ರತಿವಾದಿ ಅದಕ್ಕೆ ಬದ್ಧ, ಹೊಲ ಬಿಟ್ಟುಕೊಡುತ್ತಾನೆ.

ನಾನು ಕೂತಲ್ಲೇ ನೆಟ್ಟಗಾದೆ. ಪರೀಕ್ಷೆಗೆ ಬಾರದ ಕಾಯಿದೆ! ಒಬ್ಬ ಪಾರ್ಟಿ ಇಂಥ ಪ್ರಮಾಣಕ್ಕೆ ಬದ್ಧನಾಗುತ್ತೇನೆ ಅಂದು, ಇನ್ನೊಬ್ಬ ಅದನ್ನು ಮಾಡಿದರೆ, ಅದೇ ಕೊನೆಯ ಮಾತು; ಬೇರೆ ಸಾಕ್ಷ್ಯವೇ ಬೇಡ. ಹಿರಿಯರು ನನ್ನನ್ನು ವರಾಂಡಕ್ಕೆ ಕರೆದುಕೊಂಡು ಹೋದರು. ಅವರು ನಕ್ಕದ್ದನ್ನು ನಾನು ಮೊದಲ ಸಲ ಕಂಡೆ.

"ಆಯಮ್ಮ ಹೇಳ್ತಿರೋದು ನಿಜ ತಾನೆ?"

"ನಿಜ ಸಾರ್. ಅದರಲ್ಲಿ ಅನುಮಾನವೇ ಇಲ್ಲ."

"ಹಾಗಾದರೆ ಕರ್ಪೂರ ಆರಿಸಲಿ, ಕೇಸು ಮುಗೀತು. ಅವನ ವಕೀಲನಿಗೆ ತಲೆ ಕೆಟ್ಟಿದೆ. ಹೋಗಿ ಒಪ್ಪಿಸಿ ಬನ್ನಿ."

ಆಕೆ ಬೇವಿನ ಬುಡದಲ್ಲಿ ಬುತ್ತಿಯ ಬಟ್ಟೆ ಬಿಚ್ಚುತ್ತಿದ್ದಳು. ವಿಷಯ ಹೇಳಿದೆ. ಕೈ ಅಲ್ಲಿಗೇ ನಿಂತಿತು.

"ಅಣ್ಣಯ್ಯ ಕೇಳಿದ್ನಾ ಅಮ್ಮಣಿ? ಅವನೇ ಬಾಯ್ಬುಟ್ಟು ಕೇಳಿದ್ನಾ?"

"ವಕೀಲರು ಕೇಳಿದರು. ಅವರೂ ಅದಕ್ಕೆ ಸಹಿ ಹಾಕಿದ್ದಾರೆ."

ಆಕೆ ಅರ್ಧ ಬಿಚ್ಚಿದ ಗಂಟನ್ನು ಮತ್ತೆ ಕಟ್ಟಿದಳು. "ಗುಡಿಗೆ ತಾನೆ? ಸರಿ, ಬತ್ತೀನಿ."

ಮುನ್ಸಿಫರು ಕೇಳಿದಾಗಲೂ ಅಷ್ಟೇ ಹೇಳಿದಳು, ಗುಡಿಗೆ ಬರುತ್ತೇನೆ ಸ್ವಾಮಿ ಅಂತ. ಅದನ್ನು ನಾವೆಲ್ಲ ಒಪ್ಪಿಗೆ ಅಂತಲೇ ತಿಳಿದೆವು. ಕೋರ್ಟು ಕಮಿಷನ್ ಹೊರಡಿಸಿ, ಪ್ರಮಾಣ ಮಾಡಿಸಿ ವರದಿ ಕೊಡಲು ಒಬ್ಬ ಎಳೆಯ ವಕೀಲನನ್ನು ಕಮಿಷನರ್ ಆಗಿ ನೇಮಿಸಿತು. ಅವನು ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಮುಂದಿದ್ದವನು, ವಯಸ್ಸಿನಲ್ಲಿ ನನ್ನ ಅಕ್ಕನ ಮಗನ ಓರಗೆ.

ಆ ದಿನ ನಮ್ಮ ಹಿರಿಯರಿಗೆ ಬೇರೆ ಕೇಸಿತ್ತು. "ಕರ್ಪೂರ ಆರಿಸೋಕೆ ವಕೀಲ ಯಾಕೆ? ನೀವೇ ಹೋಗಿ ಬನ್ನಿ" ಅಂದರು. ಅನ್ನೂರಿನವರೆಗೆ ಬಸ್ಸು, ಅಲ್ಲಿಂದ ಎತ್ತಿನ ಗಾಡಿ. ದಾರಿಯುದ್ದಕ್ಕೂ ಒಣ ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು ಹೊಸ ಕರೆಂಟು ಕಂಬ. ನಾನು ಮನಸ್ಸಿನಲ್ಲೇ ಗೆದ್ದ ಕೇಸಿನ ಟಿಪ್ಪಣಿ ಬರೆಯುತ್ತಾ ಹೋದೆ.

ಗುಡಿಯ ಮುಂದೆ ಊರೇ ನೆರೆದಿತ್ತು. ಅಣ್ಣ ಮಿಂದು ಒದ್ದೆ ಪಂಚೆಯಲ್ಲಿ ತ್ರಿಶೂಲದ ಪಕ್ಕ ನಿಂತಿದ್ದ. ಪಕ್ಕದಲ್ಲಿ, ಕಾರಿನಲ್ಲಿ ಬಂದಿದ್ದ ಅವನ ವಕೀಲರು. ಆಕೆಯೂ ಮಿಂದು ಬಂದಳು. ಪೂಜಾರಿ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಕಲ್ಲಿನ ಮೇಲಿಟ್ಟ. ಕಮಿಷನರು ಪ್ರಮಾಣದ ಮಾತುಗಳನ್ನು ತಮಿಳಿನಲ್ಲಿ ಓದಿದ, ನಾನು ಕನ್ನಡದಲ್ಲಿ ಹೇಳಿದೆ. ಆಕೆ ದೇವಿಯ ಕಡೆ ನೋಡಲೇ ಇಲ್ಲ. ಅಣ್ಣನನ್ನೇ ನೋಡುತ್ತಿದ್ದಳು.

"ಕೈ ಚಾಚು ಅಕ್ಕಾ" ಅಂತ ಪಿಸುಗುಟ್ಟಿದೆ.

"ಅಣ್ಣಯ್ಯಾ" ಅಂತ ಆಕೆ ಕರೆದಳು, ಬುತ್ತಿ ಬಿಚ್ಚಿ ಊಟಕ್ಕೆ ಕರೆಯುವ ಅದೇ ದನಿಯಲ್ಲಿ.

ಅವನು ತ್ರಿಶೂಲಕ್ಕೆ ಚುಚ್ಚಿದ್ದ ನಿಂಬೆಹಣ್ಣನ್ನು ನೋಡುತ್ತಾ ನಿಂತ. ಕರ್ಪೂರ ಉರಿದು ಉರಿದು ತಾನಾಗಿ ಆರಿತು. ಪೂಜಾರಿ ಇನ್ನೊಂದು ಬಿಲ್ಲೆ ಇಟ್ಟು ಹಚ್ಚಿದ. ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ನಾ ಆರ್ಸಲ್ಲ."

ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ಆಕೆಯ ರಟ್ಟೆ ಹಿಡಿದು ಗುಡಿಯ ಹಿಂದಕ್ಕೆ ಎಳೆದುಕೊಂಡು ಹೋದೆ. ಶಾಲೆಯಲ್ಲಿ ಯಾವ ಹುಡುಗಿಯನ್ನೂ ಹಾಗೆ ಎಳೆದಿರಲಿಲ್ಲ.

"ಹೊಲ ನಿನ್ನದಲ್ವಾ? ನಿಜ ಹೇಳು, ಇಷ್ಟು ದಿನ ನನ್ನ ಹತ್ತಿರ ಸುಳ್ಳು ಹೇಳಿದ್ಯಾ?"

"ನಂದೇ ಅಮ್ಮಣಿ. ಮಾರಮ್ಮನ ಬೆನ್ನಿಂದೇನೇ ನಿಂತು ಯೇಳ್ತೀನಿ, ನಂದೇ."

"ಮತ್ತೆ ಆರಿಸೋದಕ್ಕೇನು?"

"ಆರ್ಸಿದ್ರೆ ಆ ಮನೆಗೂ ನಂಗೂ ಮುಗೀತು. ಸತ್ಯ ಮಾಡ್ಸಿದೋರ ಮನೇಲಿ ಸತ್ಯ ಮಾಡ್ದೋರು ನೀರೂ ಮುಟ್ಟಂಗಿಲ್ಲ. ನಾ ಸತ್ರೆ ಕೋಡಿ ಯಾರು ತತ್ತಾರೆ?"

ಕೋಡಿ ಅಂದರೆ ಹೊಸ ಸೀರೆ. ಹೆಣ್ಣು ಸತ್ತಾಗ ತವರಿನವರು ತಂದು ಹೊದಿಸಬೇಕಾದ್ದು. ಅದು ಬರುವವರೆಗೆ ಹೆಣ ಎತ್ತುವುದಿಲ್ಲ. ನನಗೆ ಗೊತ್ತಿಲ್ಲದ್ದೇನಲ್ಲ, ನನ್ನ ತಾಯಿ ಹೋದಾಗ ಸೋದರಮಾವ ಸೀರೆ ಹಿಡಿದು ಬರುವವರೆಗೆ ಎಲ್ಲರೂ ಬಾಗಿಲನ್ನೇ ನೋಡುತ್ತಾ ಕೂತಿದ್ದೆವು. ಆದರೆ ಬದುಕಿರುವ ಹೆಂಗಸೊಬ್ಬಳು ಸತ್ತ ಮೇಲೆ ಸಿಗುವ ಒಂದು ಸೀರೆಗಾಗಿ ಅನ್ನ ಕೊಡುವ ಹೊಲವನ್ನು ಬಿಡುತ್ತಾಳೆ ಅನ್ನುವುದು ನನ್ನ ತಲೆಗೆ ಹೋಗಲೇ ಇಲ್ಲ.

"ಹಾಗಿದ್ರೆ ಬರ್ತೀನಿ ಅಂತ ಯಾಕೆ ಹೇಳಿದೆ?"

"ಅವ್ನು ತಡೀತಾನೆ ಅಂದ್ಕಂಡಿದ್ದೆ. ಗುಡೀಲಿ ನನ್ ಮುಖ ನೋಡಿದ್ ಮ್ಯಾಲೆ, ಬ್ಯಾಡ ತಾಯಿ ಬುಡು, ಅಂತಾನೆ ಅಂತಿದ್ದೆ." ಆಕೆ ಸೆರಗನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು. "ಅವ್ನು ನನ್ ಕಡೆ ನೋಡ್ಲೂ ಇಲ್ಲ ಅಮ್ಮಣಿ."

ನಾನು ಗೋಡೆಯ ಮರೆಯಿಂದ ಇಣುಕಿದೆ. ಅಣ್ಣ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ. ಅವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ವಕೀಲರು ಆಗಲೇ ಕಮಿಷನರಿಗೆ ಹೇಳಿ ಬರೆಸುತ್ತಿದ್ದರು. ಆಗ ನನಗೆ ಹೊಳೆಯಿತು. ಇವನಿಗೆ ಮೊದಲೇ ಗೊತ್ತಿತ್ತು. ತಂಗಿ ಸುಳ್ಳಿಯಾಗಿದ್ದರೆ ಆರಿಸಿಬಿಟ್ಟಾಳು ಅಂತ ಅವನು ಹೆದರಬೇಕಿತ್ತು. ಆಕೆ ತನ್ನನ್ನು ಬಿಟ್ಟುಕೊಡುವವಳಲ್ಲ, ಆರಿಸದಿದ್ದರೆ ಕೋರ್ಟು ಆಕೆಯನ್ನೇ ಸುಳ್ಳುಗಾತಿ ಅನ್ನುತ್ತದೆ ಅನ್ನುವ ಧೈರ್ಯದಿಂದಲೇ ಈ ಅರ್ಜಿ ಹಾಕಿಸಿದ್ದ. ತಂಗಿಯ ಪ್ರೀತಿಯನ್ನೇ ಆಕೆಯ ಕುತ್ತಿಗೆಗೆ ಉರುಳು ಮಾಡಿದ್ದ. ಅಂಥ ಯೋಚನೆ ಮನುಷ್ಯನ ತಲೆಗೆ ಬರುತ್ತದೆ ಅನ್ನುವುದೇ ನನಗೆ ಆವತ್ತಿನವರೆಗೆ ತಿಳಿದಿರಲಿಲ್ಲ.

ಒಂದು ಕ್ಷಣ ನನಗೆ ಆಕೆಯ ಮೇಲೂ ಸಿಟ್ಟು ಬಂತು. ಸತ್ತ ಮೇಲೆ ಏನು ಹೊದಿಸಿದರೇನು, ಹೋಗಿ ಆರಿಸು, ಅಂತ ಗದರಿದ್ದರೆ ಆಕೆ ಬಹುಶಃ ಆರಿಸುತ್ತಿದ್ದಳು. ಓದಿದವರು ಗದರಿದರೆ ಮಾತು ಕೇಳುವ ಹೆಂಗಸು. ಕೇಸು ಗೆಲ್ಲುತ್ತಿತ್ತು, ನನ್ನ ಸರ್ಟಿಫಿಕೇಟೂ ಬರುತ್ತಿತ್ತು. ಬಾಯಿ ತೆರೆದೆ. ಆಗ ನನ್ನ ಅಣ್ಣನ ಮನೆ ನೆನಪಾಯಿತು. ಗಂಡ ಹೋದಾಗಿನಿಂದ ನಾನಿರುವುದು ಅಲ್ಲಿಯೇ. ಈ ವಯಸ್ಸಿನಲ್ಲಿ ಮದರಾಸಿಗೆ ಹೊರಟಾಗ ಊರೆಲ್ಲ ನಕ್ಕರೂ ನನ್ನ ಟ್ರಂಕು ಹೊತ್ತು ರೈಲು ಹತ್ತಿಸಿದವನು ಅವನು. ಅವನೆದುರು ಹೋಗಿ ಕರ್ಪೂರ ಆರಿಸು ಅಂದರೆ ನಾನು ಆರಿಸುತ್ತಿದ್ದೆನೇ? ಬಾಯಿ ಮುಚ್ಚಿಕೊಂಡೆ. ಆಮೇಲೆ ಆಕೆಯ ಕೈ ಹಿಡಿದು ಗುಡಿಯ ಮುಂದಕ್ಕೆ ಕರೆತಂದೆ.

ಕಮಿಷನರು ಬರೆದು ಮುಗಿಸಿದ್ದ: ವಾದಿ ಪ್ರಮಾಣ ಮಾಡಲು ನಿರಾಕರಿಸಿದಳು.

"ಕಾರಣ ಬರೆಯಿರಿ" ಅಂದೆ.

ಎದುರು ವಕೀಲರು ತಿರುಗಿದರು. "ಈಯಮ್ಮ ಯಾರು? ವಕಾಲತ್ತು ಇದೆಯಾ?"

ಕಮಿಷನರ್ ಹುಡುಗನ ಮುಖ ಕೆಂಪೇರಿತು. "ಟೀಚರ್, ನೀವು ಇಲ್ಲಿ ಮಾತಾಡೋ ಹಾಗಿಲ್ಲ. ಇನ್ನೂ ಎನ್‍ರೋಲ್ ಆಗಿಲ್ಲ ನೀವು."

"ನಾನು ಮಾತಾಡೋ ಹಾಗಿಲ್ಲ. ಆಕೆ ಮಾತಾಡಬಹುದು. ಹನ್ನೆರಡನೇ ಕಲಮು ನೋಡಿ. ಪ್ರಮಾಣ ನಿರಾಕರಿಸಿದರೆ ಬಲವಂತ ಮಾಡೋ ಹಾಗಿಲ್ಲ. ಏನು ಕೇಳಿದ್ದು, ನಿರಾಕರಿಸಿದ್ದು, ಅದರ ಜೊತೆಗೆ ಆಕೆ ಕೊಟ್ಟ ಕಾರಣ, ಮೂರನ್ನೂ ಬರೆದುಕೊಳ್ಳಬೇಕು."

ಅವನು ಚೀಲದಿಂದ ಪುಸ್ತಕ ತೆಗೆದು ಹುಡುಕಿದ. ಓದಿದ. "ಮೇಷ್ಟ್ರು ಇದು ಪರೀಕ್ಷೆಗೆ ಬರೋದಿಲ್ಲ ಅಂದಿದ್ರಲ್ಲ ಟೀಚರ್" ಅಂತ ಮೆಲ್ಲಗೆ ಅಂದ. ಆಮೇಲೆ ಹೊಸ ಹಾಳೆ ತೆಗೆದ.

ಎದುರು ವಕೀಲರು ಕೂಗಾಡಿದರು. ಹುಡುಗ ತಲೆ ತಗ್ಗಿಸಿಕೊಂಡೇ ಕಾರಣ ಕೇಳಿದ. ಆಕೆ ಉತ್ತರ ಕೊಟ್ಟದ್ದು ಅವನ ಕಡೆಗಲ್ಲ, ಅಣ್ಣನ ಕಡೆಗೆ, ಇಡೀ ಊರಿಗೆ ಕೇಳುವಂತೆ.

"ಮೂಟೆ ಹೊಲದ್ದು. ಬುಟ್ಟಿ ಅಣ್ಣಯ್ಯಂದು. ಮೂಟೆ ಬೇಕು ಅಂತ ಸತ್ಯ ಮಾಡಿದ್ರೆ ಬುಟ್ಟಿ ನಿಂತೋತದೆ. ಬುಟ್ಟಿ ನಿಂತ್ರೆ ಕೋಡೀನೂ ಇಲ್ಲ. ಅದ್ಕೆ ನಾ ಆರ್ಸಲ್ಲ. ಹೊಲ ಮಾತ್ರ ನಂದೇ."

ನಾನು ಮಾತು ಮಾತಿಗೂ ತಮಿಳು ಹೇಳುತ್ತಾ ಹೋದೆ, ಅವನು ಬರೆದುಕೊಂಡ. ಮೊದಲ ಎರಡು ಮಾತನ್ನು ದಾಟಿಸುವಾಗಲೇ ನಾನು ತಡೆದು ಆಕೆಯ ಮುಖ ನೋಡಿದೆ. ಯಾವ ಬುಟ್ಟಿ? ಇಷ್ಟು ತಿಂಗಳಲ್ಲಿ ಬುಟ್ಟಿಯ ಮಾತೇ ಬಂದಿರಲಿಲ್ಲ. ನಾವು ಕೇಳಿರಲಿಲ್ಲ, ಆಕೆಗೆ ಅದು ಕೋರ್ಟಿಗೆ ಹೇಳುವ ವಿಷಯ ಅನ್ನಿಸಿರಲಿಲ್ಲ.

ಕೋರ್ಟಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಆಕೆಯೂ ನನ್ನ ಜೊತೆ ಹೊರಟಳು; ಬಸ್ಸಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. ಅದೇ ಗಾಡಿಯಲ್ಲಿ ಮೂಟೆಗಳ ಜೊತೆ ಒಂದು ಬುಟ್ಟಿಯೂ ಬರುತ್ತಿತ್ತು. ಅದು ತವರಿನ ಸೀರು, ಅಣ್ಣ ತಂಗಿಗೆ ಕೊಡುವ ಹಬ್ಬದ ಉಡುಗೊರೆ: ಬೆಲ್ಲ, ಬಾಳೆಹಣ್ಣು, ಒಂದು ಸೀರೆ. ಮೂಟೆಯನ್ನು ಆಳು ಇಳಿಸಿ ಜಗಲಿಯಲ್ಲಿ ಹಾಕುತ್ತಿದ್ದ. ಬುಟ್ಟಿಯನ್ನು ಅಣ್ಣ ಮಾತ್ರ ಹೊತ್ತು ಒಳಗೆ ತಂದು ದೇವರ ಮುಂದೆ ಇಡುತ್ತಿದ್ದ. ಅಣ್ಣ ನಮ್ಮ ಹಿಂದಿನ ಸೀಟಿನಲ್ಲೇ ಕೂತಿದ್ದ. ಕೋರ್ಟಿನಲ್ಲಿ ಅವನಿಗೂ ಏನೋ ಕೆಲಸವಿತ್ತಂತೆ. ಎಲ್ಲವನ್ನೂ ಕೇಳಿಸಿಕೊಂಡೇ ಇದ್ದನೋ ಏನೋ, ಕಿಟಕಿಯ ಹೊರಗೆ ನೋಡುತ್ತಿದ್ದ.

ಆಫೀಸಿನಲ್ಲಿ ನನಗೆ ಮಂಗಳಾರತಿ ಕಾದಿತ್ತು. "ಗೆದ್ದ ಕೇಸನ್ನು ಗುಡಿಯಲ್ಲಿ ಬಿಟ್ಟು ಬಂದ್ರಾ? ಒಂದು ಕರ್ಪೂರ ಆರಿಸೋಕೆ ಆಗಲಿಲ್ಲ ನಿಮ್ಮ ಕೈಲಿ! ನಿಮಗೆ ಸರ್ಟಿಫಿಕೇಟು ಬರೆದುಕೊಟ್ಟು ನಾನು ನಗೆಪಾಟಲಾಗಬೇಕಾ? ಹೋಗಿ ಅಮ್ಮಾ, ಮಕ್ಕಳಿಗೆ ನದಿ ಬೆಟ್ಟ ತೋರಿಸಿ." ನನಗೆ ಅಳು ಬಂತು, ಸಿಟ್ಟೂ ಬಂತು. ಕೈಯಲ್ಲಿದ್ದ ಟಿಪ್ಪಣಿಯನ್ನು ಅವರ ಮೇಜಿನ ಮೇಲೆ ಕುಕ್ಕಿ, "ಬೈಯೋದನ್ನ ಆಮೇಲೆ ಬೈಯಿರಿ ಸಾರ್, ಮೊದಲು ಆಕೆ ಹೇಳಿದ ಕಾರಣ ಓದಿ" ಅಂದೆ. ಹಾಗೆ ಅಂದದ್ದು ನಾನೇ ಅಂತ ನನಗೇ ನಂಬಿಕೆ ಬರಲಿಲ್ಲ.

ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಈ ಬುಟ್ಟಿ ಯಾವುದು? ಕೂತ್ಕೊಂಡು ಹೇಳಿ."

ವಿಚಾರಣೆಯ ದಿನ ಅಣ್ಣ ಸಾಕ್ಷಿ ಕಟಕಟೆ ಹತ್ತಿದಾಗ ನಮ್ಮ ಹಿರಿಯರ ದನಿ ಬೆಣ್ಣೆಯಂತಿತ್ತು. ಹೊಲದ ಮಾತನ್ನೇ ಎತ್ತಲಿಲ್ಲ. ತಂಗಿಗೆ ಸೀರು ಕೊಡುವುದುಂಟೋ ಅಂತ ಕೇಳಿದರು.

"ಒಂದು ವರ್ಷವೂ ತಪ್ಪಿಸಿಲ್ಲ" ಅಂದ ಅವನು, ಎದೆ ಸೆಟೆಸಿ.

"ಯಾವುದರಲ್ಲಿ ತರ್ತೀರಿ?"

"ಬುಟ್ಟಿಯಲ್ಲಿ. ನಾನೇ ಹೊತ್ತು ಒಳಗಿಡ್ತೀನಿ. ಅಣ್ಣನೇ ಇಡಬೇಕು, ಆಳು ಮುಟ್ಟೋ ಹಾಗಿಲ್ಲ."

"ಬುಟ್ಟಿ ಬಿಟ್ಟು ತಂಗಿಗೆ ಬೇರೆ ಸೀರು ಇದೆಯಾ?"

"ಇಲ್ಲ. ಸೀರು ಅಂದರೆ ಬುಟ್ಟಿಯೇ."

"ದಾವೆ ಹಾಕಿದ ಮೇಲೆ ಸೀರು ನಿಲ್ಲಿಸಿರಬೇಕು, ಪಾಪ."

"ಯಾಕೆ ನಿಲ್ಲಿಸ್ತೀನಿ?" ಅವನಿಗೆ ನಿಜವಾಗಿಯೂ ಅವಮಾನವಾಗಿತ್ತು. "ಈ ಪೊಂಗಲ್‌ಗೂ ಕೊಟ್ಟಿದ್ದೀನಿ. ಕೇಳಿ ನೋಡಿ ಅವಳನ್ನ."

ನಾನು ತಟ್ಟನೆ ಬೆಂಚಿನ ಮೇಲಿದ್ದ ಆಕೆಯ ಕಡೆ ತಿರುಗಿದೆ. "ಆಮಾ, ಕೊಟ್ಟ" ಅಂತ ಹೌದೆಂದು ತಲೆಯಾಡಿಸಿದಳು. ಅನ್ನದ ಮೂಟೆ ಕಿತ್ತುಕೊಂಡು, ಕೋರ್ಟು ಹತ್ತುವಂತೆ ಮಾಡಿ, ಆ ನಡುವೆಯೇ ಹಬ್ಬದ ಬುಟ್ಟಿ ಹೊತ್ತು ಹೋಗಿ ದೇವರ ಮುಂದಿಟ್ಟು ಬಂದಿದ್ದ! ಇದನ್ನು ಯಾವ ಪುಸ್ತಕ ಓದಿ ಅರ್ಥ ಮಾಡಿಕೊಳ್ಳುವುದು?

"ಹಾಗಾದರೆ" ಅಂದರು ನಮ್ಮ ಹಿರಿಯರು, "ಪ್ರೀತಿಗೆ ಕೊಟ್ಟದ್ದು ಬುಟ್ಟಿ. ಪ್ರೀತಿ ನಿಂತಿಲ್ಲ, ಅದೂ ನಿಂತಿಲ್ಲ. ನಿಂತದ್ದು ಮೂಟೆ. ಮೂಟೆ ಯಾವ ಲೆಕ್ಕದಲ್ಲಿ ಹೋಗ್ತಿತ್ತು?"

ಅವನ ವಕೀಲರು ಎದ್ದು ಆಕ್ಷೇಪಿಸಿದರು. ಮುನ್ಸಿಫರು ಕೈ ಮಾಡಿ ಕೂರಿಸಿ, ಉತ್ತರಕ್ಕೆ ಕಾದರು. ಅವನು ತನ್ನ ವಕೀಲರ ಮುಖ ನೋಡಿದ. ಹಿರಿಯರು ಕೊನೆಯದಾಗಿ ಇನ್ನೊಂದು ಕೇಳಿದರು. ಅದನ್ನು ನಾವು ಮೊದಲು ಮಾತಾಡಿಕೊಂಡಿರಲಿಲ್ಲ.

"ಗುಡಿಯಲ್ಲಿ ಆಕೆ ಕರ್ಪೂರ ಆರಿಸೋದಿಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಗೆ?"

ಅವನು ಕಟಕಟೆಯ ಅಂಚು ಹಿಡಿದು ಅಂದು ಮೊದಲ ಸಲ ಆಕೆಯ ಕಡೆ ನೋಡಿದ. "ಅವಳು ನನ್ನ ತಂಗಿ."

ಮುನ್ಸಿಫರ ಪೆನ್ನು ಅದನ್ನು ಬರೆದುಕೊಂಡಿತು.

ತೀರ್ಪು ನಮ್ಮ ಕಡೆಗಾಯಿತು. ಪ್ರಮಾಣ ನಿರಾಕರಿಸಿದ್ದಕ್ಕೆ ಆಕೆ ಕೊಟ್ಟ ಕಾರಣ ನಂಬುವಂಥದ್ದು, ಅದರಿಂದ ಆಕೆಗೆ ವಿರುದ್ಧವಾಗಿ ಏನನ್ನೂ ಊಹಿಸಬಾರದು. ಮೂಟೆಗಳು ಹೊಲದ ಫಲ, ಹೊಲ ಆಕೆಯದು. ಹಿರಿಯರು ನನ್ನನ್ನು ಹೊಗಳಲಿಲ್ಲ. "ನಾಳೆಯಿಂದ ನನ್ನ ಪಕ್ಕದ ಮೇಜಿನಲ್ಲಿ ಕೂತ್ಕೊಳ್ಳಿ" ಅಂದರು, ಅಷ್ಟೇ.

ಆ ಮಧ್ಯಾಹ್ನ ಅಣ್ಣ ಬೇವಿನ ಮರದ ಕಡೆ ಬರಲಿಲ್ಲ. ಗೇಟು ದಾಟಿ ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದ. ಆಕೆ ಬುತ್ತಿ ಬಿಚ್ಚಿ, ಎರಡು ಎಲೆ ಹಾಸಿ, ಗೇಟಿನ ಕಡೆ ನೋಡುತ್ತಾ ಕೂತಿದ್ದಳು. ನಾನು ಹೋಗಿ ಎರಡನೇ ಎಲೆಯ ಮುಂದೆ ಕೂತೆ. ಆಕೆ ಬಡಿಸಿದಳು. ಉಪ್ಪಿನಕಾಯಿಯನ್ನು ಅವನಿಗಿಡುವಂತೆಯೇ ಅಂಚಿಗಿಟ್ಟಳು.

ಆಮೇಲೆ ನಾನು ಪರೀಕ್ಷೆ ಪಾಸು ಮಾಡಿದೆ, ಕರಿ ಕೋಟು ಹೊಲಿಸಿದೆ. ಅದಿನ್ನೂ ಮೈಗೆ ಹೊಂದಿಕೊಳ್ಳದ ದಿನಗಳಲ್ಲಿ ಒಂದು ಬೆಳಿಗ್ಗೆ ಆಕೆ ಆಫೀಸಿಗೆ ಬಂದಳು. ಎಂದಿನ ಬಿಳಿ ಸೀರೆಯೇ, ಆದರೆ ಗಂಜಿ ಇನ್ನೂ ಹೋಗದೆ ಕಾಗದದಂತೆ ಸದ್ದು ಮಾಡುತ್ತಿತ್ತು. ಮಡಿಕೆಯ ಗೆರೆಗಳು ಹಾಗೇ ಇದ್ದವು.

"ಹೊಸ ಸೀರೇನಾ ಅಕ್ಕಾ? ಹೊಲ ಚೆನ್ನಾಗಿ ಬಂತಾ?"

"ಬಂತು ಅಮ್ಮಣಿ." ಆಕೆ ಸೆರಗನ್ನು ಸವರಿದಳು. "ಇದು ಅಣ್ಣಯ್ಯ ಕೊಟ್ಟಿದ್ದು. ಪೊಂಗಲ್‌ಗೆ ಬುಟ್ಟಿ ತರ್ಲಿಲ್ಲ. ಇದೊಂದೇ ತಂದ. ಒಳಿಕ್ ಬರ್ಲಿಲ್ಲ. ಒಸ್ಲಿನ್ ಮ್ಯಾಲೆ ಮಡಗಿ, ಕೋಡಿ ಕೊಟ್ಟಾಯ್ತು, ಇನ್ ಮ್ಯಾಲೆ ನಿಂಗೂ ನಮ್ಗೂ ಏನೂ ಇಲ್ಲ ಅಂದ್ಬುಟ್ಟು ಒಂಟೋದ."

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕುರ್ಚಿಯಿಂದ ಎದ್ದುಬಿಟ್ಟೆ. ಹೆಣಕ್ಕೆ ಹೊದಿಸುವ ಸೀರೆ. ಬದುಕಿರುವ ತಂಗಿಯ ಹೊಸ್ತಿಲಿಗೆ ತಂದಿಟ್ಟಿದ್ದ. ಅದನ್ನೇ ಉಟ್ಟುಕೊಂಡು, ತಲೆ ಬಾಚಿಕೊಂಡು, ಆಕೆ ನನ್ನ ಮುಂದೆ ನಿಂತಿದ್ದಳು.

"ಬಿಚ್ಚಿ ಬಿಸಾಡು ಅಕ್ಕಾ ಅದನ್ನ! ಅವನ ಮೇಲೆ ನಾನು ಕೇಸು ಹಾಕ್ತೀನಿ. ಏನು ಕೇಸು ಅಂತ ಗೊತ್ತಿಲ್ಲ, ಹುಡುಕಿ ಹಾಕ್ತೀನಿ!"

ಆಕೆ ನಕ್ಕಳು. ಕೋರ್ಟಿನ ಆವರಣದಲ್ಲಿ ಅಷ್ಟು ದಿನ ಕಂಡವಳು ಹೀಗೆ ಬಾಯಿ ತುಂಬ ನಕ್ಕದ್ದನ್ನು ನಾನು ಕಂಡಿರಲಿಲ್ಲ.

"ಕೋರ್ಟು ಬ್ಯಾಡ ಅಮ್ಮಣಿ. ಪೆಟ್ಟಿಗೇಲಿ ಮಡಗಿದ್ರೆ ತಾನೆ ಅವ್ನ್ ಮಾತು ನಡೆಯೋದು? ದಿನಾ ಇದನ್ನೇ ಉಟ್ಕಂಡು ಹತ್ತಿ ಬಿಡಿಸ್ತೀನಿ. ಗಿಡಕ್ಕೆ ಸಿಕ್ಕಂಡು ಆಗ್ಲೇ ಒಂದ್ ಕಡೆ ಹರೀತು, ನೋಡಿ." ಕಾಲ ಬಳಿಯ ಅಂಚನ್ನು ಎತ್ತಿ ತೋರಿಸಿದಳು, ಹೌದು, ಒಂದು ಗೇಣು ಸೀಳಿತ್ತು. "ಇದು ಹರಿದು ಚಿಂದಿಯಾಗೋ ಗಂಟ ನಾ ಸಾಯಲ್ಲ. ಆಮ್ಯಾಲೆ ಸತ್ರೆ, ಅವ್ನು ಇನ್ನೊಂದ್ ತರ್ಲೇಬೇಕಲ್ಲ."